ನಡೆಯೋಣ ಬನ್ನಿ

ತಿಂಗಳ ಮುಟ್ಟು ಒಂದು ವಯಸ್ಸಿಗೆ ನಿಲ್ಲುತ್ತದೆ. ಹೆಚ್ಚಿನವರಿಗೆ 45ರಿಂದ 55 ವರ್ಷದೊಳಗೆ ನಿಲ್ಲುತ್ತದೆ. ಒಂದು ವರ್ಷ ಪೂರ್ತಿ ಮುಟ್ಟು ಬಾರದಿದ್ದರೆ, ನಿಂತಿದೆ ಎಂದು ತಿಳಿಯಬೇಕು. ಇದು ರೋಗವಲ್ಲ. ಮೈನೆರೆಯುವುದು ಹೇಗೋ ಇದೂ ಹಾಗೆಯೇ.

ಈ ಸಮಯದಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ಮೈ ಬಿಸಿಯಾಗುತ್ತದೆ. ಬೆವರು ಸುರಿಯುತ್ತದೆ. ನಿದ್ದೆ ಬರುವುದಿಲ್ಲ. ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಇವೆಲ್ಲ ನಮಗೆ ಗೊತ್ತಾಗುವ ತೊಂದರೆಗಳು. ಗೊತ್ತಾಗದ ತೊಂದರೆ ಒಂದಿದೆ. ಅದು ಮೂಳೆಯದು.

ಗರ್ಭಕೋಶದ ಎರಡೂ ಕಡೆ ಅಂಡಾಶಯಗಳಿವೆ. ಅವು ಈಸ್ಟ್ರೋಜನ್ ಎಂಬ ರಸ ತಯಾರಿಸುತ್ತವೆ. ಈ ರಸ ಮೂಳೆಯನ್ನು ಕಾಯುತ್ತದೆ. ಮುಟ್ಟು ನಿಲ್ಲುವಾಗ ಈ ರಸ ಕಡಿಮೆಯಾಗುತ್ತದೆ. ಆಗ ಮೂಳೆ ಬೇಗ ಸವೆಯುತ್ತದೆ. ಗೆದ್ದಲು ತಿಂದ ತೊಲೆಯ ಹಾಗೆ ಒಳಗೇ ಟೊಳ್ಳಾಗುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದರೂ ಸಾಕು, ಮುರಿಯಬಹುದು. ಸೊಂಟದ ಹತ್ತಿರದ ಮೂಳೆ ಮುರಿದರೆ ಹಾಸಿಗೆ ಹಿಡಿಯಬೇಕಾದೀತು.

ನಡೆಯುವಾಗ ಮೈಭಾರ ಕಾಲಿನ ಮೇಲೆ ಬೀಳುತ್ತದೆ. ಮೂಳೆಗೆ ಕೆಲಸ ಸಿಗುತ್ತದೆ. ಕೆಲಸವಿರುವ ಮೂಳೆ ನಿಧಾನವಾಗಿ ಸವೆಯುತ್ತದೆ. ಕಾಲಿಗೆ ಬಲ ಬರುತ್ತದೆ. ರಕ್ತದ ಒತ್ತಡ, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲು ಸಹಾಯವಾಗುತ್ತದೆ. ಮನಸ್ಸೂ ಹಗುರಾಗುತ್ತದೆ.

"ಬೆಳಗಿನಿಂದ ದುಡೀತೀವಿ. ಮತ್ತೆ ನಡೀಬೇಕಾ?" ಎಂದು ನಾವು ಕೇಳಬಹುದು. ನ್ಯಾಯವಾದ ಮಾತು. ಕಳೆ ಕೀಳುವುದು, ನೀರು ಹೊರುವುದು ಮೈಗೆ ಕೆಲಸವೇ. ಆದರೆ ಬೀಡಿ ಕಟ್ಟುವಾಗ, ಊದುಬತ್ತಿ ಹೊಸೆಯುವಾಗ, ಬಟ್ಟೆ ಹೊಲಿಯುವಾಗ ಗಂಟೆಗಟ್ಟಲೆ ಕೂತೇ ಇರುತ್ತೇವೆ. ಬೆನ್ನು ಸೋಲುತ್ತದೆ. ಕಾಲಿಗೆ ಕೆಲಸವೇ ಇರುವುದಿಲ್ಲ.

ಹೇಗೆ ನಡೆಯಬೇಕು?

ಬರಿಗೈಯಲ್ಲಿ ನಡೆಯಬೇಕು. ತಲೆಯ ಮೇಲೆ ಕೊಡ ಬೇಡ. ಸೊಂಟದ ಮೇಲೆ ಮೊಮ್ಮಗು ಬೇಡ. ಜಾರದ ಚಪ್ಪಲಿ ಹಾಕಿಕೊಳ್ಳಬೇಕು. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ.

ದಿನಕ್ಕೆ 30 ನಿಮಿಷ. ವಾರಕ್ಕೆ 5 ದಿನ.
30 × 5 = 150 ನಿಮಿಷ.

ವಾರಕ್ಕೆ ಕಡಿಮೆ ಎಂದರೂ ಇಷ್ಟು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಸಲ ಆಗದಿದ್ದರೆ 10 ನಿಮಿಷದಂತೆ ಮೂರು ಸಲ ನಡೆಯೋಣ. ಮೊದಲ ವಾರ 10 ನಿಮಿಷವೇ ಸಾಕು.

ಜೊತೆಗೆ ರಾಗಿ, ಸೊಪ್ಪು, ಮಜ್ಜಿಗೆ ಊಟದಲ್ಲಿರಲಿ. ಇವುಗಳಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶವಿದೆ.

"ಕೆಲಸ ಬಿಟ್ಟು ತಿರುಗ್ತಾಳೆ" ಎಂದು ಜನ ಆಡಿಕೊಳ್ಳಬಹುದು. ಒಬ್ಬಳೇ ಹೋಗಲು ಅಳುಕು. ನಾಲ್ವರು ಸೇರಿದರೆ ಧೈರ್ಯ. ಕಲಿಕಾ ಕೇಂದ್ರಕ್ಕೆ ಬರುವ ನಾವೇ ಒಂದು ಗುಂಪಾಗೋಣ. ಅತ್ತೆಯನ್ನೂ ಅಕ್ಕನನ್ನೂ ಕರೆಯೋಣ. ನಡೆದ ದಿನ ಕ್ಯಾಲೆಂಡರಿನಲ್ಲಿ ನಿಮಿಷ ಬರೆಯೋಣ. ಅಂಕಿ ಬರೆಯಲು ಈಗ ನಮಗೆ ಬರುತ್ತದಲ್ಲ!

ನೆನಪಿಡಿ

ನಡೆಯುವಾಗ ಎದೆ ನೋವು ಬಂದರೆ, ತಲೆ ಸುತ್ತಿದರೆ ಕೂಡಲೇ ನಿಲ್ಲಿಸಿ. ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಒಂದು ಹನಿಯಾದರೂ ಸರಿ, ನಾಚಿಕೆಪಡದೆ ಡಾಕ್ಟರಿಗೆ ತೋರಿಸಿ.

ಓದಿ, ಉತ್ತರ ಹೇಳಿ

1. ಮುಟ್ಟು ನಿಂತ ಮೇಲೆ ಮೂಳೆ ಏಕೆ ಬೇಗ ಸವೆಯುತ್ತದೆ?
2. ದಿನಕ್ಕೆ 30 ನಿಮಿಷದಂತೆ 4 ದಿನ ನಡೆದರೆ ಎಷ್ಟು ನಿಮಿಷ? 150 ಆಗಲು ಇನ್ನೆಷ್ಟು ಬೇಕು?
3. ನಿಮ್ಮ ಜೊತೆ ನಡೆಯಲು ಬರುವ ಮೂವರ ಹೆಸರು ಬರೆಯಿರಿ.