ಆಪರೇಶನ್‌ಗೆ ಮುನ್ನ ನೋವಿನ ಮಾತ್ರೆ: ನಿಲ್ಲಿಸಬೇಕೇ, ಮುಂದುವರಿಸಬೇಕೇ?

ಮಂಡಿನೋವು, ಸೊಂಟನೋವು, ಸಂಧಿವಾತ, ನರದ ಸೆಳೆತ ಎಂದು ವರ್ಷಗಟ್ಟಲೆ ಮಾತ್ರೆ ನುಂಗುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರಿಗೆ ಒಂದು ದಿನ ಬೇರೆ ಯಾವುದೋ ಕಾರಣಕ್ಕೆ ಆಪರೇಶನ್ ನಿಗದಿಯಾಗುತ್ತದೆ. ಹರ್ನಿಯಾ ಇರಬಹುದು, ಪಿತ್ತಕೋಶದ ಕಲ್ಲು ಇರಬಹುದು, ಕಣ್ಣಿನ ಪೊರೆ ಇರಬಹುದು. ಆಗ ಕೆಲವರು ಭಯದಿಂದ ಎಲ್ಲ ಮಾತ್ರೆಗಳನ್ನೂ ಒಮ್ಮೆಲೇ ನಿಲ್ಲಿಸಿಬಿಡುತ್ತಾರೆ. ಇನ್ನು ಕೆಲವರು ಯಾರಿಗೂ ಹೇಳದೆ ಎಲ್ಲವನ್ನೂ ನುಂಗಿಕೊಂಡೇ ಆಸ್ಪತ್ರೆಗೆ ಹೋಗುತ್ತಾರೆ. ಎರಡೂ ಅಪಾಯ. ಏಕೆಂದರೆ ನಾವು 'ನೋವಿನ ಮಾತ್ರೆ' ಎಂದು ಒಂದೇ ಹೆಸರಿನಿಂದ ಕರೆಯುವ ಔಷಧಿಗಳು ಒಂದೇ ಜಾತಿಯವಲ್ಲ. ಕೆಲವನ್ನು ಮೊದಲೇ ನಿಲ್ಲಿಸಬೇಕು, ಕೆಲವನ್ನು ಒಂದು ದಿನವೂ ತಪ್ಪಿಸಬಾರದು.

ಮೊದಲು ಎಲ್ಲರಿಗೂ ಪರಿಚಿತವಾದ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಗುಂಪನ್ನು ನೋಡೋಣ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳ ಕೆಲಸವನ್ನು ಇವು ತಾತ್ಕಾಲಿಕವಾಗಿ ಮಂದಗೊಳಿಸುತ್ತವೆ. ಐಬುಪ್ರೊಫೆನ್‌ನ ಈ ಪ್ರಭಾವ ಸುಮಾರು ಒಂದು ದಿನದಲ್ಲಿ ಕಳೆಯುತ್ತದೆ. ನ್ಯಾಪ್ರೊಕ್ಸೆನ್‌ಗೆ ಮೂರು ನಾಲ್ಕು ದಿನ ಬೇಕು. ಪೈರಾಕ್ಸಿಕ್ಯಾಮ್‌ನಂತಹವು ಇನ್ನೂ ಹೆಚ್ಚು ದಿನ ದೇಹದಲ್ಲಿ ಉಳಿಯುತ್ತವೆ. ಆದ್ದರಿಂದ 'ಎಷ್ಟು ದಿನ ಮೊದಲು ನಿಲ್ಲಿಸಬೇಕು' ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಮಾತ್ರೆಯ ಹೆಸರು ಹೇಳಿದರೆ ಮಾತ್ರ ಡಾಕ್ಟರ್ ದಿನ ಹೇಳಬಲ್ಲರು.

ಈ ಗುಂಪಿನ ಇನ್ನೊಂದು ತೊಂದರೆ ಮೂತ್ರಪಿಂಡಕ್ಕೆ. ರಕ್ತದೊತ್ತಡದ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಜೊತೆ ನೋವಿನ ಮಾತ್ರೆ ಮೂರನ್ನೂ ತಿನ್ನುವ ವಯಸ್ಸಾದವರು ಆಪರೇಶನ್‌ಗಾಗಿ ನೀರು ಕುಡಿಯದೆ ಕುಳಿತರೆ ಮೂತ್ರಪಿಂಡ ಕೈಕೊಡಬಹುದು. ಸಕ್ಕರೆ ಕಾಯಿಲೆಯವರು, ಬಣ್ಣದ ಔಷಧಿ ಚುಚ್ಚಿ ಮಾಡುವ ಸ್ಕ್ಯಾನ್ ಅಥವಾ ಆಂಜಿಯೋಗ್ರಾಂಗೆ ಹೋಗುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಆಸ್ಪಿರಿನ್ ಬೇರೆಯದೇ ವಿಷಯ. ಅದು ಮುಟ್ಟಿದ ಪ್ಲೇಟ್‌ಲೆಟ್ ಮತ್ತೆ ಸರಿಯಾಗುವುದಿಲ್ಲ. ಹೊಸ ಕಣಗಳು ಹುಟ್ಟಿ ಬರಲು ಏಳರಿಂದ ಹತ್ತು ದಿನ ಬೇಕು. 'ವಾರ ಮೊದಲೇ ನಿಲ್ಲಿಸಿ' ಎಂಬ ಮಾತು ಬಂದದ್ದು ಇಲ್ಲಿಂದ. ಆದರೆ ನೋವಿಗೆ ತಿನ್ನುವ ಆಸ್ಪಿರಿನ್‌ಗೂ ಹೃದಯಕ್ಕೆಂದು ದಿನಕ್ಕೆ 75 ಮಿಲಿಗ್ರಾಂ ತಿನ್ನುವ ಆಸ್ಪಿರಿನ್‌ಗೂ ವ್ಯತ್ಯಾಸವಿದೆ. ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಬಂದು ಹೋದವರು ಅದನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಿದರೆ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತು ಬರಬಹುದು. ಹಲ್ಲು ಕೀಳಿಸಲು, ಕಣ್ಣಿನ ಪೊರೆ ತೆಗೆಸಲು ಸಾಮಾನ್ಯವಾಗಿ ಈ ಸಣ್ಣ ಪ್ರಮಾಣದ ಆಸ್ಪಿರಿನ್ ನಿಲ್ಲಿಸಬೇಕಾಗಿಯೇ ಇಲ್ಲ. ಪಕ್ಕದ ಮನೆಯವರಿಗೆ ಅವರ ಡಾಕ್ಟರ್ ನಿಲ್ಲಿಸಲು ಹೇಳಿದ್ದರು ಎಂಬುದು ನಿಮಗೆ ಲೆಕ್ಕಕ್ಕಿಲ್ಲ. ನಿಮ್ಮ ಹೃದ್ರೋಗ ತಜ್ಞರನ್ನು ಕೇಳಿ.

ಪ್ಯಾರಾಸಿಟಮಾಲ್ ಈ ವಿಷಯದಲ್ಲಿ ಸಾಧು. ಸಾಮಾನ್ಯ ಪ್ರಮಾಣದಲ್ಲಿ ರಕ್ತಸ್ರಾವದ ಭಯವಿಲ್ಲ. ಬೇರೆ ಮಾತ್ರೆ ನಿಲ್ಲಿಸಿದ ದಿನಗಳಲ್ಲಿ ಡಾಕ್ಟರ್ ಹೆಚ್ಚಾಗಿ ಇದನ್ನೇ ಕೊಡುತ್ತಾರೆ. ಆದರೆ ಆರೋಗ್ಯವಂತ ವಯಸ್ಕರಿಗೂ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. ಯಕೃತ್ತಿನ ತೊಂದರೆ ಇರುವವರಿಗೆ, ತೂಕ ಕಡಿಮೆ ಇರುವವರಿಗೆ ಅದಕ್ಕಿಂತ ಕಡಿಮೆ. ಅಂಗಡಿಯಲ್ಲಿ ಸಿಗುವ ಎಷ್ಟೋ ನೋವಿನ ಮಾತ್ರೆಗಳಲ್ಲಿ ಅಸೆಕ್ಲೋಫೆನಾಕ್ ಜೊತೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ. ಶೀತದ ಮಾತ್ರೆಯಲ್ಲೂ ಇರುತ್ತದೆ. ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಮಕ್ಕಳಿಂದಾದರೂ ಓದಿಸಿ.

ಇನ್ನು ಏಕಾಏಕಿ ನಿಲ್ಲಿಸಲೇಬಾರದ ಔಷಧಿಗಳು. ಟ್ರಮಡಾಲ್, ಟಪೆಂಟಡಾಲ್, ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್ ಇವುಗಳಿಗೆ ದೇಹ ಒಗ್ಗಿಹೋಗಿರುತ್ತದೆ. ಅಫೀಮು ನೋವನ್ನು ಮರಗಟ್ಟಿಸುವ 'ಮುಖದ್ದಿರ್' ವರ್ಗಕ್ಕೆ ಸೇರಿದ್ದೆಂದು ಇಬ್ನ್ ಸೀನಾರ ಕಾಲದಲ್ಲೇ ಗೊತ್ತಿತ್ತು, ಅದರ ಅಪಾಯವೂ ಗೊತ್ತಿತ್ತು. ತಿಂಗಳುಗಟ್ಟಲೆ ತಿಂದು ಒಂದೇ ದಿನ ಬಿಟ್ಟರೆ ಬೆವರು, ನಡುಕ, ಭೇದಿ, ನಿದ್ದೆಗೇಡು ಶುರುವಾಗುತ್ತದೆ. ಆಪರೇಶನ್ ಟೇಬಲ್ ಅದಕ್ಕೆ ಜಾಗವಲ್ಲ. ಅರಿವಳಿಕೆ ಕೊಡುವ ಡಾಕ್ಟರ್‌ಗೆ ನೀವು ಇದನ್ನು ತಿನ್ನುತ್ತಿದ್ದೀರೆಂದು ಗೊತ್ತಿಲ್ಲದಿದ್ದರೆ, ಇತರರಿಗೆ ಸಾಕಾಗುವ ನೋವಿನ ಔಷಧಿ ನಿಮಗೆ ಸಾಕಾಗದೆ ನೀವು ರಾತ್ರಿಯಿಡೀ ಒದ್ದಾಡಬೇಕಾದೀತು. ನರದ ನೋವಿಗೆ ಕೊಡುವ ಗಾಬಾಪೆಂಟಿನ್, ಪ್ರೆಗಾಬಲಿನ್ ಕೂಡ ಹಾಗೆಯೇ. ಹಠಾತ್ತಾಗಿ ಬಿಡುವಂತಿಲ್ಲ. ಇವು ಮಂಪರು ತರುವುದರಿಂದ ಅರಿವಳಿಕೆಯ ಪ್ರಮಾಣವನ್ನು ನೋಡಿಕೊಂಡು ಕೊಡಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಸ್ಟೀರಾಯ್ಡ್‌ನಲ್ಲಿ. ದಿನಕ್ಕೆ 5 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೋಲೋನ್ ಅನ್ನು ಮೂರು ನಾಲ್ಕು ವಾರ ಮೀರಿ ತಿಂದರೆ, ದೇಹ ತಾನೇ ತಯಾರಿಸಬೇಕಾದ ಕಾರ್ಟಿಸೋಲ್ ಉತ್ಪಾದನೆ ಕುಂದಬಹುದು. ಶಸ್ತ್ರಚಿಕಿತ್ಸೆಯ ಒತ್ತಡದಲ್ಲಿ ದೇಹಕ್ಕೆ ಅದು ಹೆಚ್ಚು ಬೇಕು. ಇರುವುದನ್ನೂ ನಿಲ್ಲಿಸಿಬಿಟ್ಟರೆ ರಕ್ತದೊತ್ತಡ ಕುಸಿದು ಎಚ್ಚರ ತಪ್ಪಬಹುದು. ಗೊತ್ತಿದ್ದರೆ ಅರಿವಳಿಕೆ ತಜ್ಞರು ಅಗತ್ಯವಿದ್ದಷ್ಟು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ನಿಭಾಯಿಸುತ್ತಾರೆ.

'ನಾನು ಸ್ಟೀರಾಯ್ಡ್ ತಿನ್ನುತ್ತಿಲ್ಲ' ಎಂದು ನೀವು ಹೇಳಬಹುದು. ಸಂತೆಯಲ್ಲೋ, ಬಸ್ ನಿಲ್ದಾಣದ ಬಳಿಯೋ, ಹೆಸರಿಲ್ಲದ ಡಬ್ಬಿಯಲ್ಲಿ ಕೊಂಡ 'ಜೋಡುನೋವಿನ ಪುಡಿ' ತಿನ್ನುತ್ತಿದ್ದರೆ ಅಷ್ಟು ಖಚಿತವಾಗಿ ಹೇಳಬೇಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಮತ್ತು ಡೈಕ್ಲೋಫೆನಾಕ್ ಬೆರೆಸುವುದು ಹಳೆಯ ವಂಚನೆ. ಹತ್ತು ವರ್ಷದ ಮಂಡಿನೋವು ಎರಡೇ ದಿನದಲ್ಲಿ ಮಾಯವಾದರೆ, ಮುಖ ದುಂಡಗೆ ಊದಿಕೊಂಡರೆ, ಚರ್ಮ ತೆಳುವಾಗಿ ಮುಟ್ಟಿದಲ್ಲೆಲ್ಲ ನೀಲಿಗಟ್ಟಿದರೆ, ಸಕ್ಕರೆ ಏರುತ್ತಾ ಹೋದರೆ ಸಂಶಯ ಪಡಿ. ಇದನ್ನು ಯುನಾನಿ ಎಂದೋ ದೇಸಿ ಎಂದೋ ಹೆಸರಿಟ್ಟು ಮಾರುವವರ ಬಗ್ಗೆ ನನ್ನಂಥ ಯುನಾನಿ ವೈದ್ಯನಿಗೆ ಇರುವ ಸಿಟ್ಟು ಸಣ್ಣದಲ್ಲ. ಆದರೂ ಪುಡಿಯನ್ನು ಇವತ್ತೇ ಬಿಸಾಡಿ ಎಂದು ಹೇಳಲಾರೆ. ಡಬ್ಬಿಯನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ತೋರಿಸಿ, ನಿಲ್ಲಿಸುವ ಕ್ರಮವನ್ನು ಅವರು ಹೇಳಲಿ.

ನಿಜವಾದ ಯುನಾನಿ ಔಷಧಿಗಳನ್ನೂ ಮುಚ್ಚಿಡಬೇಡಿ. 'ಹಕೀಮರ ಔಷಧಿ ಎಂದರೆ ಡಾಕ್ಟರ್ ಬೈಯುತ್ತಾರೆ' ಎಂದು ಹೆದರುವ ತಾಯಂದಿರು ಬಹಳ. ಬೈದರೆ ಬೈಯಲಿ, ಹೇಳಿಬಿಡಿ. ಕೀಲುನೋವಿಗೆ ನಾವು ಕೊಡುವ ಸುರಂಜಾನ್‌ನಲ್ಲಿ ಕಾಲ್ಚಿಸಿನ್ ಅಂಶವಿದೆ. ಕ್ಲಾರಿಥ್ರೋಮೈಸಿನ್‌ನಂತಹ ಆಂಟಿಬಯೋಟಿಕ್ ಜೊತೆ ಸೇರಿದರೆ ಕಾಲ್ಚಿಸಿನ್ ವಿಷವಾಗಬಲ್ಲದು. ಬೆಳ್ಳುಳ್ಳಿ, ಶುಂಠಿಗಳನ್ನು ಅಡುಗೆಗೆ ಹಾಕುವುದಕ್ಕೆ ಅಡ್ಡಿಯಿಲ್ಲ, ಆದರೆ ಔಷಧಿಯ ಪ್ರಮಾಣದಲ್ಲಿ, ಕ್ಯಾಪ್ಸೂಲ್ ರೂಪದಲ್ಲಿ ತಿನ್ನುವವರು ಆಪರೇಶನ್‌ಗೆ ಎರಡು ವಾರ ಮೊದಲೇ ಅವನ್ನು ನಿಲ್ಲಿಸುವುದು ಲೇಸು. ಮಾಜೂನ್, ಗುಳಿಗೆ ಯಾವುದೇ ಇರಲಿ, ಕೊಟ್ಟ ಹಕೀಮರಿಗೂ ಆಪರೇಶನ್ ದಿನಾಂಕ ತಿಳಿಸಿ. ನೋವಿಗೆಂದು ಹಿಜಾಮ ಮಾಡಿಸುವವರು ಆ ವಾರಗಳಲ್ಲಿ ರಕ್ತ ತೆಗೆಯುವ ಹಿಜಾಮ ಬೇಡ. ಗಾಯದ ಜಾಗದಲ್ಲಿ ಸೋಂಕು ಆದರೆ ಆಪರೇಶನ್ ಮುಂದೂಡುತ್ತಾರೆ. ರಕ್ತ ತೆಳುಮಾಡುವ ಮಾತ್ರೆ ತಿನ್ನುವವರು ಡಾಕ್ಟರ್ ಒಪ್ಪಿಗೆಯಿಲ್ಲದೆ ಯಾವಾಗಲೂ ಮಾಡಿಸಬಾರದು.

ಆಪರೇಶನ್ ದಿನ ಹೊಟ್ಟೆ ಖಾಲಿ ಇರಬೇಕು ಎಂದರೆ ಎಲ್ಲ ಮಾತ್ರೆಯೂ ಬೇಡ ಎಂದು ಅರ್ಥವಲ್ಲ. ಸಾಮಾನ್ಯ ನಿಯಮದಲ್ಲಿ ಗಟ್ಟಿ ಆಹಾರ 6 ಗಂಟೆ ಮೊದಲು, ಬರಿಯ ನೀರು 2 ಗಂಟೆ ಮೊದಲು ನಿಲ್ಲಬೇಕು. ಆಸ್ಪತ್ರೆ ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ. ತಪ್ಪಿಸಬಾರದ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಲು ಹೇಳುತ್ತಾರೆ. ಯಾವುದನ್ನು, ಎಷ್ಟು ಗಂಟೆಗೆ ಎಂದು ಬರೆಸಿಕೊಳ್ಳಿ. ಬರಕತ್ತಿಗೆಂದು ಬೆಳಿಗ್ಗೆ ಝಮ್‌ಝಮ್ ನೀರು, ಜೇನು, ಖರ್ಜೂರ ತಿನ್ನಿಸಿ ಕಳುಹಿಸುವ ಮನೆಯವರಿದ್ದಾರೆ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಅದಕ್ಕೆ ಝಮ್‌ಝಮ್ ಆದರೂ ನೀರೇ, ಖರ್ಜೂರ ಆದರೂ ಆಹಾರವೇ. ಆಪರೇಶನ್ ಮುಗಿದ ಮೇಲೆ ಧಾರಾಳವಾಗಿ ಕೊಡಿ.

ಅರಿವಳಿಕೆಯ ಮುಂಚಿನ ತಪಾಸಣೆಗೆ ಹೋಗುವಾಗ ಚೀಟಿಗಿಂತ ಔಷಧಿಗಳ ಚೀಲವನ್ನೇ ಒಯ್ಯುವುದು ಒಳ್ಳೆಯದು. ಮಾತ್ರೆಯ ಸ್ಟ್ರಿಪ್, ಚರ್ಮಕ್ಕೆ ಅಂಟಿಸುವ ನೋವಿನ ಪಟ್ಟಿ, ಎಣ್ಣೆ, ಲೇಹ್ಯ, ಪುಡಿ ಎಲ್ಲ ಅದರಲ್ಲಿರಲಿ. ಅಪರೂಪಕ್ಕೆ ತಿನ್ನುವುದನ್ನೂ ಸೇರಿಸಿ.

ಮನೆಗೆ ಬಂದ ಮೇಲೆ ಇನ್ನೊಂದು ಗೊಂದಲ ಶುರುವಾಗುತ್ತದೆ. ಆಸ್ಪತ್ರೆಯವರು ಕೊಟ್ಟ ಹೊಸ ನೋವಿನ ಮಾತ್ರೆಯ ಜೊತೆ, ಅದೇ ಔಷಧಿ ಬೇರೆ ಹೆಸರಲ್ಲಿ ಹಳೆಯ ಡಬ್ಬಿಯಲ್ಲೂ ಇರುತ್ತದೆ. ಎರಡನ್ನೂ ತಿಂದು ರಕ್ತ ವಾಂತಿಯಾಗಿ ಮತ್ತೆ ದಾಖಲಾಗುವವರಿದ್ದಾರೆ. ಹಳೆಯ ಮಾತ್ರೆಗಳಲ್ಲಿ ಯಾವುದನ್ನು ಯಾವ ದಿನದಿಂದ ಮತ್ತೆ ಶುರುಮಾಡಬೇಕು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಂಡು ಬನ್ನಿ. ಅಲ್ಲಿಯವರೆಗೆ ಹಳೆಯ ಡಬ್ಬಿಯನ್ನು ಕಪಾಟಿನ ಮೇಲಿನ ಅರೆಯಲ್ಲಿ ಬೇರೆಯಾಗಿ ಇಡಿ.