ಕರಾವಳಿಯ ಹುಳಿಮಣ್ಣಿಗೆ ಹಟ್ಟಿಯ ಮದ್ದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ದಕ್ಷಿಣ ಕನ್ನಡದ ತಾಲ್ಲೂಕುಗಳು. ಇಲ್ಲಿ ಹೆಚ್ಚಾಗಿರುವುದು ಜಂಬಿಟ್ಟಿಗೆ ಮಣ್ಣು. ಭಾರೀ ಮಳೆಗೆ ಸುಣ್ಣ, ಪೊಟ್ಯಾಷ್ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಅಗ್ಗದ ಮದ್ದು ಮನೆಯ ಹಟ್ಟಿಯಲ್ಲೇ ಇದೆ: ದನದ ಕಾಲಡಿಗೆ ಹಾಸಿದ ಕಾಡುಸೊಪ್ಪು ಸಗಣಿ, ಗಂಜಲದಲ್ಲಿ ನೆನೆದು, ತುಳಿತಕ್ಕೆ ಸಿಕ್ಕಿ, ಕಪ್ಪು ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ. ಇದಕ್ಕಿಂತ ಒಳ್ಳೆಯ ಆರಂಭ ಬೇರಿಲ್ಲ. ಸೋಗೆ ಸುಡಬಾರದು, ಬುಡಕ್ಕೆ ಮುಚ್ಚಬೇಕು. ಬೇಲಿಯ ಗ್ಲಿರಿಸಿಡಿಯಾ ಸೊಪ್ಪಿನಿಂದ ಸಾರಜನಕ ಸಿಗುತ್ತದೆ.

ಹಟ್ಟಿಯ ಸಗಣಿ, ಗಂಜಲದಿಂದಲೇ ಮಾಡುವ ಇನ್ನೊಂದು ಮದ್ದು ಜೀವಾಮೃತ ಎಂಬ ದ್ರವಗೊಬ್ಬರ. ಅದರ ಅಳತೆ ನೆನಪಿಡಿ: 200 ಲೀಟರ್ ನೀರು, 10 ಕೆಜಿ ಸಗಣಿ, 5–10 ಲೀಟರ್ ಗಂಜಲ, ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು ತಲಾ 2 ಕೆಜಿ, ಹಿಡಿ ಮಣ್ಣು. ಇದನ್ನು ಪ್ರಚಾರ ಮಾಡಿದ ಸುಭಾಷ್ ಪಾಳೇಕರ್ ಅವರಿಗೆ 2016ರಲ್ಲಿ ಪದ್ಮಶ್ರೀ ಸಂದಿತು.

ತೋಟಕ್ಕೆ ಮಣ್ಣಿನಷ್ಟೇ ನೀರೂ ಮುಖ್ಯ: ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಬೋಳುಗುಡ್ಡಕ್ಕೆ ಸುರಂಗ ಕೊರೆದು ನೀರು ತಂದು ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.