ಗಾಳಿಯಲ್ಲಿ ಎಳೆದ ಗೆರೆಯನ್ನು ಕಟ್ಟುವುದು ಹೇಗೆ?

ಕಾಮರ್ಸ್ ವಿದ್ಯಾರ್ಥಿಗೆ ಕಂಪ್ಯೂಟರ್ ಡ್ರಾಯಿಂಗ್ ಏಕೆ ಎಂದು ನಮ್ಮ ತರಗತಿಯಲ್ಲೇ ಕೇಳಿದವರಿದ್ದಾರೆ. ಕಾರಣ ನಮ್ಮ ಮಾಮು ಅವರ ವೆಲ್ಡಿಂಗ್ ಶೆಡ್. ಅಲ್ಲಿ ತಳ್ಳುಗಾಡಿ, ಗ್ರಿಲ್, ಗೇಟು ತಯಾರಾಗುತ್ತವೆ. ರಜೆಯಲ್ಲಿ ಬಿಲ್ ಬರೆಯಲು ಕೂತವನು ಹಳೆಯ ಕಂಪ್ಯೂಟರಿನಲ್ಲಿ ಸಾಲ್ವ್‌ಸ್ಪೇಸ್ ಎಂಬ ತಂತ್ರಾಂಶ ಹಾಕಿಕೊಂಡೆ. ಅದು ಉಚಿತ, ತುಂಬ ಚಿಕ್ಕದು, ಹಳೆಯ ಯಂತ್ರದಲ್ಲೂ ಓಡುತ್ತದೆ. ಅದರಲ್ಲಿ ನಾನು ಕಲಿತದ್ದನ್ನೂ, ಎರಡು ಪೈಪು ಹಾಳು ಮಾಡಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಇಂಥ ತಂತ್ರಾಂಶದಲ್ಲಿ ಗೆರೆಯನ್ನು ಮೊದಲೇ ಸರಿಯಾಗಿ ಎಳೆಯಬೇಕಾಗಿಲ್ಲ. ಸೊಟ್ಟಗೆ ಎಳೆದು ನಂತರ ಷರತ್ತು ಹೇಳಿದರೆ ಸಾಕು: ಈ ಗೆರೆ 900 ಮಿ.ಮೀ., ಇದು ಅದಕ್ಕೆ ಸಮಾನಾಂತರ, ಈ ಬಿಂದು ಆ ಬಿಂದುವಿನ ಮೇಲೆ. ಯಂತ್ರ ಸಮೀಕರಣ ಬಿಡಿಸಿ ಚಿತ್ರವನ್ನು ಸರಿಪಡಿಸುತ್ತದೆ. ಇದು ಹೊಸ ವಿಚಾರವೇನಲ್ಲ. ಅಮೆರಿಕದ ಎಂಐಟಿಯಲ್ಲಿ ಇವಾನ್ ಸದರ್ಲ್ಯಾಂಡ್ 1963ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯ ಮೂಲಕ ಇದನ್ನು ತೋರಿಸಿದ್ದರು. ಷರತ್ತಿಗೆ ಇಂಗ್ಲಿಷಿನಲ್ಲಿ ಕನ್‌ಸ್ಟ್ರೇಂಟ್ ಎನ್ನುತ್ತಾರೆ, ಕನ್ನಡದಲ್ಲಿ ನಿರ್ಬಂಧ. ಮಾಮು ಅವರಿಗೆ ಎರಡೂ ಹಿಡಿಸಲಿಲ್ಲ. 'ಪಾಬಂದಿ' ಎಂದೆ, ತಕ್ಷಣ ತಲೆಯಾಡಿಸಿದರು.

ಕೆಲಸ ಇಷ್ಟು. ಎರಡು ಹಣ್ಣಿನ ಗಾಡಿಗಳಿಗೆ ಮೇಲ್ಛಾವಣಿಯ ಪೈಪು ಬೇಕಿತ್ತು. ಗಾಡಿಯ ಮೂಲೆಯಿಂದ ಪೈಪು 900 ಮಿ.ಮೀ. ಮೇಲೆ ಹೋಗಬೇಕು, ಅಲ್ಲಿಂದ ಗಾಡಿಯ ಉದ್ದಕ್ಕೆ 600, ಕೊನೆಗೆ ಅಡ್ಡಕ್ಕೆ 400. ಎದುರು ಬದಿಯಿಂದಲೂ ಇಂಥದೇ ಪೈಪು ಬಂದು ನಡುವೆ ಸೇರಬೇಕು. ಗಾಡಿಯ ಅಗಲ 800.

ಕಾಗದದ ಮೇಲಿನ ಬಿಂದು ಎರಡು ಕಡೆ ಅಲುಗಬಹುದು: ಎಡ-ಬಲ, ಮೇಲೆ-ಕೆಳಗೆ. ಗಾಳಿಯಲ್ಲಿರುವ ಬಿಂದು ಹಿಂದೆ-ಮುಂದೆಯೂ ಅಲುಗುತ್ತದೆ, ಅಂದರೆ ಮೂರು ಕಡೆ. ಇದಕ್ಕೆ ಡಿಗ್ರಿ ಆಫ್ ಫ್ರೀಡಂ ಎನ್ನುತ್ತಾರೆ. ನಾನು ಅಲುಗಾಟ ಎಂದೇ ಕರೆಯುತ್ತೇನೆ. ನಮ್ಮ ಪೈಪಿನಲ್ಲಿ ಮೂರು ಗೆರೆ, ನಾಲ್ಕು ಬಿಂದು. ಹಾಗಾಗಿ ಒಟ್ಟು 12 ಅಲುಗಾಟ. ಪ್ರತಿ ಷರತ್ತೂ ಇದರಲ್ಲಿ ಒಂದಿಷ್ಟನ್ನು ಕಳೆಯುತ್ತದೆ. ಎಷ್ಟು ಉಳಿದಿದೆ ಎಂದು ಪಕ್ಕದ ಕಿಟಕಿಯಲ್ಲಿ ಕಾಣುತ್ತದೆ, ಸೊನ್ನೆಯಾದಾಗ 'ಓಕೆ' ಎಂದು ಬರುತ್ತದೆ.

ಮೊದಲ ಬಿಂದುವನ್ನು ಮೂಲಬಿಂದುವಿಗೆ ಅಂಟಿಸಿದೆ: ಮೂರು ಕಳೆದು 9 ಉಳಿಯಿತು. ಮೂರು ಉದ್ದ ಕೊಟ್ಟೆ: 6. ಇನ್ನು ಮೊದಲ ಗೆರೆಯನ್ನು ನೆಟ್ಟಗೆ ನಿಲ್ಲಿಸೋಣ ಎಂದು 'ವರ್ಟಿಕಲ್' ಒತ್ತಿದರೆ ಆಗುವುದಿಲ್ಲ ಎಂದಿತು! ಲಂಬ, ಅಡ್ಡ ಎಂಬುವು ಒಂದು ತಲದ ಮೇಲಿನ ಮಾತುಗಳು. ಬಯಲಿನಲ್ಲಿ ತಲವೇ ಇಲ್ಲದಾಗ ಅವುಗಳಿಗೆ ಅರ್ಥವಿಲ್ಲ. ಗೆರೆಯನ್ನು ಝಡ್ ಅಕ್ಷಕ್ಕೆ ಸಮಾನಾಂತರ ಮಾಡಬೇಕು. ಈ ಸಮಾನಾಂತರ ಕಾಗದದ ಮೇಲಾದರೆ ಒಂದು ಅಲುಗಾಟ ಕಳೆಯುತ್ತದೆ, ಬಯಲಿನಲ್ಲಿ ಎರಡು. ಉಳಿದದ್ದು 4.

ಇಲ್ಲಿಂದ ಮುಂದೆ ನಾನು ಕಾಗದದ ಅಭ್ಯಾಸದಲ್ಲೇ ಹೋದೆ. ಎರಡನೆಯ ಗೆರೆ ಮೊದಲನೆಯದಕ್ಕೆ 90 ಡಿಗ್ರಿ, ಮೂರನೆಯದು ಎರಡನೆಯದಕ್ಕೆ 90 ಡಿಗ್ರಿ. ಕಾಗದದ ಮೇಲೆ ಇಷ್ಟು ಸಾಕು. ಇಲ್ಲಿ ಇನ್ನೂ 2 ಉಳಿದಿತ್ತು. ಮೌಸಿನಿಂದ ಎಳೆದು ನೋಡಿದೆ. ಎರಡನೆಯ ಗೆರೆ ಕೀಲಿನ ಮೇಲಿನ ಗೇಟಿನ ಹಾಗೆ ಕಂಬದ ಸುತ್ತ ತಿರುಗಿತು. ಮೂರನೆಯದು ಎರಡನೆಯದರ ಸುತ್ತ ಫ್ಯಾನಿನ ರೆಕ್ಕೆಯಂತೆ ತಿರುಗಿತು. ಎಲ್ಲಿ ತಿರುಗಿದರೂ 90 ಡಿಗ್ರಿ 90 ಡಿಗ್ರಿಯೇ. ಬಯಲಿನಲ್ಲಿ ಲಂಬಕೋನ ಎಷ್ಟು ಸಡಿಲ ಎಂದು ನನಗೆ ಅರ್ಥವಾದದ್ದು ಆ ಫ್ಯಾನು ನೋಡಿದ ಮೇಲೆ.

ಉಳಿದದ್ದು 2, ಸಮಾನಾಂತರ ಕಳೆಯುವುದು 2. ಹಾಗಿದ್ದರೆ ಎರಡನೆಯ ಗೆರೆಯನ್ನು ಎಕ್ಸ್ ಅಕ್ಷಕ್ಕೆ ಸಮಾನಾಂತರ ಮಾಡಿದರೆ ಸೊನ್ನೆ, ಕೆಲಸ ಮುಗಿಯಿತು ಎಂದುಕೊಂಡೆ. ಬಂದದ್ದು 'ಎರರ್'. ಏಕೆಂದರೆ ಎಕ್ಸ್‌ಗೆ ಸಮಾನಾಂತರವಾದ ಗೆರೆ ಝಡ್ ಕಡೆಗಿರುವ ಕಂಬಕ್ಕೆ ತಾನಾಗಿಯೇ 90 ಡಿಗ್ರಿ. ಆ ಮಾತನ್ನು ನಾನು ಮೊದಲೇ ಹೇಳಿಯಾಗಿತ್ತು. ಹೇಳಿದ್ದನ್ನೇ ಮತ್ತೆ ಹೇಳಿದರೆ ಹೊಸದಾಗಿ ಏನೂ ಕಳೆಯುವುದಿಲ್ಲ, ಮೂರನೆಯ ಗೆರೆ ಇನ್ನೂ ತಿರುಗುತ್ತಲೇ ಇರುತ್ತದೆ. ಲೆಕ್ಕಶಾಸ್ತ್ರದವರು ಇದನ್ನು ಬೇಗ ಹಿಡಿಯುತ್ತಾರೆ: ಒಂದೇ ವೋಚರನ್ನು ಎರಡು ಸಲ ಬರೆದರೆ ವ್ಯಾಪಾರ ಎರಡಾಗುವುದಿಲ್ಲ. ಎರಡೂ 90 ಡಿಗ್ರಿಗಳನ್ನು ಅಳಿಸಿ, ಎರಡನೆಯ ಗೆರೆಯನ್ನು ಎಕ್ಸ್‌ಗೂ ಮೂರನೆಯದನ್ನು ವೈಗೂ ಸಮಾನಾಂತರ ಮಾಡಿದೆ. 'ಓಕೆ' ಬಂತು.

ಎದುರು ಬದಿಯ ಪೈಪಿಗೆ ಬೇರೆ ಫೈಲು ಮಾಡಿದೆ. ಅದಕ್ಕೂ 'ಓಕೆ' ಬಂತು. ಎರಡನ್ನೂ ಮುದ್ರಿಸಿ ಶೆಡ್ಡಿಗೆ ಕೊಟ್ಟೆ. ಒಂದೊಂದರಂತೆ ಎರಡೆರಡು, ಒಟ್ಟು ನಾಲ್ಕು ಪೈಪು ಬಾಗಿದವು. ಗಾಡಿಯ ಮೇಲೆ ಇಟ್ಟು ನೋಡಿದರೆ ಒಂದು ಬದಿಯದು ಒಳಕ್ಕೆ, ಇನ್ನೊಂದು ಬದಿಯದು ರಸ್ತೆಯ ಕಡೆಗೆ ಚಾಚಿಕೊಂಡಿತ್ತು. ಮಾಮು ಬೈಯಲಿಲ್ಲ. "ಉಲ್ಟಾ ಹೋಗಯಾ ಬೇಟಾ" ಎಂದು ಚಾಕ್ ತೆಗೆದುಕೊಂಡು ನೆಲದ ಮೇಲೆ ತಾವೇ ಗೆರೆ ಎಳೆಯತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು. ಮೂರನೇ ದಿನ ಗಾಡಿ ಕೊಡುತ್ತೇವೆಂದು ಮಾತು ಕೊಟ್ಟಾಗಿತ್ತು.

ರಾತ್ರಿ ಕೂತು ಹುಡುಕಿದೆ. ಸಮಾನಾಂತರ ಎಂಬ ಷರತ್ತಿಗೆ ಬಾಣದ ಗುರುತಿಲ್ಲ. ವೈ ಅಕ್ಷದ ಗುಂಟ 400 ಎಂದರೆ ಈ ಕಡೆಗೂ 400, ಆ ಕಡೆಗೂ 400. ಎರಡೂ ಸರಿ ಉತ್ತರವೇ. ವರ್ಗ ಸಮೀಕರಣಕ್ಕೆ ಕೂಡು, ಕಳೆ ಎಂದು ಎರಡು ಉತ್ತರ ಬರುವ ಹಾಗೆ. ನಾವು ಸೊಟ್ಟಗೆ ಎಳೆದ ಗೆರೆ ಯಾವ ಕಡೆ ವಾಲಿತ್ತೋ ಆ ಕಡೆಯ ಉತ್ತರವನ್ನು ಯಂತ್ರ ಹಿಡಿಯುತ್ತದೆ. ಪರದೆಯ ಮೇಲೆ ನೋಟ ತಿರುಗಿಸಿಕೊಂಡಿದ್ದ ನನಗೆ ಒಳಗೆ ಯಾವುದು, ಹೊರಗೆ ಯಾವುದು ಎಂದೇ ತಿಳಿದಿರಲಿಲ್ಲ. 'ಓಕೆ' ಎಂದರೆ ಪೈಪು ಅಲುಗುವುದಿಲ್ಲ ಎಂದಷ್ಟೇ ಅರ್ಥ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತು ಎಂದು ತಪ್ಪು ಖಾತೆಗೆ ಬರೆದದ್ದು ಸರಿಯಾಗುತ್ತದೆಯೇ?

ಪೈಪು ಒಂದೇ ತಲದಲ್ಲಿ ಬಾಗಿದ್ದರೆ ಮಗುಚಿ ಹಾಕಿ ಉಳಿಸಿಕೊಳ್ಳಬಹುದಿತ್ತು. ಮೂರು ದಿಕ್ಕಿಗೆ ಬಾಗಿದ್ದು ಚಪ್ಪಲಿಯ ಹಾಗೆ, ಎಡದ್ದು ಹೇಗೆ ತಿರುಗಿಸಿದರೂ ಬಲಕ್ಕೆ ಆಗುವುದಿಲ್ಲ.

ಎರಡನೆಯ ಸಲ ಎರಡೂ ಪೈಪುಗಳನ್ನು ಒಂದೇ ಚಿತ್ರದಲ್ಲಿ ಎಳೆದೆ. ಗಾಡಿಯ ನಟ್ಟನಡುವೆ ಒಂದು ತಲವನ್ನು ಕನ್ನಡಿಯೆಂದು ಇಟ್ಟುಕೊಂಡೆ. ಮೊದಲ ಪೈಪಿನ ತುದಿ ಆ ಕನ್ನಡಿಯ ಮೇಲೆ ಇರಬೇಕು. ಎರಡನೆಯ ಪೈಪಿನ ಮೊದಲ ಮೂರು ಬಿಂದುಗಳು ಮೊದಲನೆಯದರ ಮೂರು ಬಿಂದುಗಳಿಗೆ ಸಮ್ಮಿತಿಯಲ್ಲಿರಬೇಕು, ಅಂದರೆ ಕನ್ನಡಿಯ ಪ್ರತಿಬಿಂಬ. ನಾಲ್ಕನೆಯ ಬಿಂದು ಎರಡಕ್ಕೂ ಒಂದೇ. ಲೆಕ್ಕ ನೋಡಿ: ಎರಡನೆಯ ಪೈಪಿನ 12ರಲ್ಲಿ ಸಮ್ಮಿತಿ 9 ಕಳೆಯಿತು, ಸೇರುವ ಬಿಂದು 3 ಕಳೆಯಿತು. ಒಂದೂ ಅಳತೆ ಕೊಡದೆ ಸೊನ್ನೆ! ಎಡ-ಬಲ ತಪ್ಪಲು ಜಾಗವೇ ಉಳಿಯಲಿಲ್ಲ. ಮುಂದೆ ಯಾರಾದರೂ 900 ಅಗಲದ ಗಾಡಿ ಕೇಳಿದರೆ 400 ಇರುವಲ್ಲಿ 450 ಎಂದು ಬರೆದರೆ ಮುಗಿಯಿತು, ಎರಡೂ ಬದಿ ಒಟ್ಟಿಗೆ ಬದಲಾಗುತ್ತವೆ. ಪ್ಯಾರಾಮೆಟ್ರಿಕ್ ಎಂಬ ದೊಡ್ಡ ಪದಕ್ಕೆ ಇಷ್ಟೇ ಅರ್ಥ.

ಛಾವಣಿಗೆ ಓರೆಯಾಗಿ ಕೊಡುವ ಆಸರೆ ಪೈಪಿನಲ್ಲಿ ಇನ್ನೊಂದು ಗುಂಡಿ ಇದೆ. ಅದೃಷ್ಟಕ್ಕೆ ಅದಕ್ಕೆ ಬೀಳಲಿಲ್ಲ. ಒಂದು ಆಸರೆ 200 ಮುಂದಕ್ಕೆ, 300 ಅಡ್ಡಕ್ಕೆ, 600 ಮೇಲಕ್ಕೆ ಹೋಗುತ್ತದೆ ಎನ್ನಿ. ಎದುರಿನಿಂದ ನೋಡಿದರೆ 300 ಮತ್ತು 600 ಮಾತ್ರ ಕಾಣುತ್ತವೆ, ಉದ್ದ ಸುಮಾರು 671 ಬರುತ್ತದೆ. ಮೂರರ ವರ್ಗವನ್ನೂ ಕೂಡಿ ವರ್ಗಮೂಲ ತೆಗೆದರೆ ನಿಜವಾದ ಉದ್ದ 700. ತಲವೊಂದರಲ್ಲಿ ಕೂತು ಅಳತೆ ಕೊಟ್ಟರೆ ತಂತ್ರಾಂಶ ಆ ತಲದ ಮೇಲೆ ಬಿದ್ದ ನೆರಳಿನ ಉದ್ದವನ್ನೇ ಹಿಡಿಯುತ್ತದೆ. ಆದ್ದರಿಂದ ಮೊದಲು ಮೂರು ಆಯಾಮಕ್ಕೆ ಬದಲಿಸಿಕೊಂಡು ಅಳತೆ ಕೊಡಬೇಕು. ಉದ್ದವಾದ ಪೈಪನ್ನು ಕತ್ತರಿಸಬಹುದು, 29 ಮಿ.ಮೀ. ಗಿಡ್ಡವಾದುದನ್ನು ಏನು ಮಾಡುವುದು?

ಆಸಕ್ತರಿಗೆ ಒಂದು ಲೆಕ್ಕ. ಈ ಆಸರೆಯ ಒಂದು ತುದಿ ಮೂಲಬಿಂದುವಿನಲ್ಲಿದೆ, ಉದ್ದ 700 ಎಂದಷ್ಟೇ ಹೇಳಿದ್ದೇವೆ. ಇನ್ನೊಂದು ತುದಿಗೆ ಎಷ್ಟು ಅಲುಗಾಟ ಉಳಿಯಿತು, ಅದು ಯಾವ ಆಕಾರದ ಮೇಲೆ ಓಡಾಡುತ್ತದೆ? ಆ ತುದಿ 600 ಎತ್ತರದಲ್ಲೇ ಇರಬೇಕು ಎಂದರೆ? ಉತ್ತರ: ಮೊದಲು 2, ಗೋಳದ ಮೇಲೆ. ನಂತರ 1, ಸುಮಾರು 361 ಮಿ.ಮೀ. ತ್ರಿಜ್ಯದ ವೃತ್ತದ ಮೇಲೆ.

ಗಾಡಿಗಳು ಒಂದು ದಿನ ತಡವಾಗಿ ಹೋದವು. ಉಲ್ಟಾ ಬಾಗಿದ ಎರಡು ಪೈಪುಗಳಲ್ಲಿ ಒಂದನ್ನು ಮಾಮು ಶೆಡ್ಡಿನ ಗೋಡೆಗೆ ಬೆಸೆದು ವೆಲ್ಡಿಂಗ್ ಕೇಬಲ್ ನೇತುಹಾಕಲು ಬಳಸುತ್ತಿದ್ದಾರೆ. ಇನ್ನೊಂದು ಬಾಗಿಲ ಹಿಂದೆ ಹಾಗೇ ನಿಂತಿದೆ. ಈಗ ನನ್ನ ಪ್ರತಿ ಡ್ರಾಯಿಂಗಿನ ಮೂಲೆಯಲ್ಲೂ ಎಡ ಯಾವುದು, ಬಲ ಯಾವುದು ಎಂದು ಕೆಂಪು ಪೆನ್ನಿನಿಂದ ಬರೆಯುತ್ತೇನೆ. ಮಾಮು ಅದನ್ನು ನೋಡಿಯೂ ಒಮ್ಮೆ ಚಾಕ್‌ನಿಂದ ನೆಲದ ಮೇಲೆ ಎಳೆದು ತಾಳೆ ನೋಡಿದ ನಂತರವೇ ಪೈಪು ಬಗ್ಗಿಸುತ್ತಾರೆ.